ಕಣ್ಣೀರಿನ ಚೀಲದ ಊತ: ಕೀವು ಎಂದು ಮದ್ದು ಕೊಡುತ್ತಾ ಎಷ್ಟು ದಿನ ಕಾಯಬಹುದು?

ಪ್ರಶ್ನೆ: ಕಾರ್ಕಳ_ನೇತ್ರಾಧಿಕಾರಿ

ಎಲ್ಲರಿಗೂ ನಮಸ್ಕಾರ. ಪೊರೆ ಶಿಬಿರಗಳಲ್ಲಿ ತಪಾಸಣೆ ಮಾಡುವವರೆಲ್ಲರ ಪರವಾಗಿ ಒಂದು ಪ್ರಶ್ನೆ ಉಂಟು.

ಐವತ್ತು ದಾಟಿದವರು, ಒಂದೇ ಕಣ್ಣಲ್ಲಿ ಸದಾ ನೀರು, ಮೂಗಿನ ಬುಡದ ಹತ್ತಿರ ಸಣ್ಣ ಊತ, ಒತ್ತಿದರೆ ಕೀವು. ಇಷ್ಟಿದ್ದರೆ ನಾವು ‘ಕ್ರಾನಿಕ್ ಡ್ಯಾಕ್ರಿಯೋಸಿಸ್ಟೈಟಿಸ್’ (ಕಣ್ಣೀರಿನ ಚೀಲದ ಹಳೆಯ ಸೋಂಕು) ಎಂದು ಬರೆಯುತ್ತೇವೆ, ಡ್ರಾಪ್ಸ್ ಮತ್ತು ಮಾತ್ರೆ ಕೊಡುತ್ತೇವೆ, ಪೊರೆ ಆಪರೇಷನ್ ಮುಂದೂಡಿ ಮೊದಲು ಡಿಸಿಟಿ (ಚೀಲ ತೆಗೆಯುವ ಆಪರೇಷನ್) ಅಥವಾ ಡಿಸಿಆರ್ (ಚೀಲದಿಂದ ಮೂಗಿಗೆ ಹೊಸ ದಾರಿ ಮಾಡುವ ಆಪರೇಷನ್) ಮಾಡಿಸಿಕೊಂಡು ಬನ್ನಿ ಎನ್ನುತ್ತೇವೆ. ಹೆಚ್ಚಿನವರಲ್ಲಿ ಅದು ಸರಿಯೇ. ಆದರೆ ಇದೇ ಲಕ್ಷಣಗಳ ಹಿಂದೆ ಚೀಲದ ಕ್ಯಾನ್ಸರ್ ಅಡಗಿರಬಹುದು ಎಂದು ಪುಸ್ತಕದಲ್ಲಿ ಉಂಟು. ಅಪರೂಪ ಎನ್ನುವ ಒಂದೇ ಕಾರಣಕ್ಕೆ ನಮ್ಮ ತಪಾಸಣೆ ಹಾಳೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ನನಗೆ ಬೇಕಾದದ್ದು ಮೂರು. ಸ್ಲಿಟ್ ಲ್ಯಾಂಪ್ (ಕಣ್ಣು ನೋಡುವ ಸೂಕ್ಷ್ಮದರ್ಶಕ) ಇಲ್ಲದ ಕಡೆ, ಬರೀ ಟಾರ್ಚ್ ಮತ್ತು ಸಿರಿಂಜ್ ಇಟ್ಟುಕೊಂಡು, ಇದು ಮಾಮೂಲಿ ಸೋಂಕಲ್ಲ ಎಂದು ಅನುಮಾನಿಸಲು ಯಾವ ಚಿಹ್ನೆ ನೋಡಬೇಕು? ಮದ್ದಿಗೆ ಊತ ಇಳಿದರೆ ಅನುಮಾನ ಬಿಡಬಹುದಾ? ಮಂಗಳೂರಿಗೋ ಮಣಿಪಾಲಕ್ಕೋ ಕಳಿಸುವಾಗ ಚೀಟಿಯಲ್ಲಿ ಏನು ಬರೆದರೆ ಅವರನ್ನು ಮತ್ತೆ ‘ಸೋಂಕು’ ಎಂದು ವಾಪಸ್ ಕಳಿಸುವುದಿಲ್ಲ?

ಉತ್ತರ 1: ರೆಪ್ಪೆ_ಸರ್ಜನ್_ಮಂಗಳೂರು

ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಹೆಚ್ಚು ಜನ ಎಡವುವುದು ಅಲ್ಲೇ. ಮದ್ದಿಗೆ ಊತ ಇಳಿಯಿತು ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ಗೆಡ್ಡೆ ಚೀಲದ ಗೋಡೆಯಲ್ಲಿ ಬೆಳೆದು ನಾಳವನ್ನು ಅಡ್ಡಗಟ್ಟುತ್ತದೆ. ನೀರು ನಿಲ್ಲುತ್ತದೆ, ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೀವಾಗುತ್ತದೆ. ಆ ಸೋಂಕು ನಿಜವಾದದ್ದೇ, ಆದ್ದರಿಂದ ಆಂಟಿಬಯಾಟಿಕ್‌ಗೆ ಅದು ಇಳಿಯಲೇಬೇಕು. ಕೆಂಪು ಹೋಗುತ್ತದೆ, ನೋವು ಹೋಗುತ್ತದೆ, ಕೆಳಗಿನ ಗಟ್ಟಿ ಭಾಗ ಹಾಗೆಯೇ ಉಳಿಯುತ್ತದೆ. ನೀವು ನೋಡಬೇಕಾದದ್ದು ಆ ಉಳಿದದ್ದನ್ನು. ಕೋರ್ಸ್ ಮುಗಿದ ಮೇಲೆ ಒಮ್ಮೆ ಕರೆಸಿ, ಬೆರಳಿಟ್ಟು ಮುಟ್ಟಿ ನೋಡದೆ ‘ಗುಣ’ ಎಂದು ಬರೆಯಬೇಡಿ.

ಇನ್ನೊಂದು ಅಪಾಯ ಸ್ಟೀರಾಯ್ಡ್ ಮಾತ್ರೆ. ಊತ ಬೇಗ ಇಳಿಯಲಿ ಎಂದು ಕೆಲವರು ಪ್ರೆಡ್ನಿಸೋಲೋನ್ ಬರೆಯುತ್ತಾರೆ. ಚೀಲದಲ್ಲಿರುವುದು ಲಿಂಫೋಮಾ (ಬಿಳಿರಕ್ತಕಣಗಳ ಕ್ಯಾನ್ಸರ್) ಆಗಿದ್ದರೆ ಅದು ಕೆಲವು ದಿನ ಕರಗಿದಂತೆ ಕಾಣುತ್ತದೆ, ಆಗ ತೆಗೆದ ಬಯಾಪ್ಸಿಯಲ್ಲಿ ಸರಿಯಾದ ಉತ್ತರವೂ ಸಿಗುವುದಿಲ್ಲ. ಅನುಮಾನ ಇರುವವರೆಗೆ ಸ್ಟೀರಾಯ್ಡ್ ಬೇಡ.

ಈಗ ಚಿಹ್ನೆಗಳು. ಮೊದಲನೆಯದಕ್ಕೆ ಟಾರ್ಚೂ ಬೇಕಿಲ್ಲ. ಕಣ್ಣಿನ ಹೊರಮೂಲೆಯನ್ನು ಕಿವಿಯ ಕಡೆಗೆ ಮೆಲ್ಲಗೆ ಎಳೆಯಿರಿ. ಒಳಮೂಲೆಯಿಂದ ಮೂಗಿನ ಕಡೆಗೆ ಒಂದು ಗಟ್ಟಿ ದಾರದಂಥ ಪಟ್ಟಿ ಎದ್ದು ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಅದೇ ಮೀಡಿಯಲ್ ಕ್ಯಾಂಥಲ್ ಟೆಂಡನ್. ಮಾಮೂಲಿ ಸೋಂಕಿನಲ್ಲಿ ಚೀಲ ಉಬ್ಬಿದರೂ ಈ ಪಟ್ಟಿ ಅದನ್ನು ಮೇಲಕ್ಕೆ ಬಿಡುವುದಿಲ್ಲ, ಊತ ಪಟ್ಟಿಯ ಕೆಳಗೇ ಇರುತ್ತದೆ. ಪಟ್ಟಿಯ ಮೇಲಕ್ಕೂ ಹಬ್ಬಿದ ಗಟ್ಟಿ ಊತ ಕಂಡರೆ ಗೆಡ್ಡೆ ಅಲ್ಲ ಎಂದು ಸಾಬೀತಾಗುವವರೆಗೆ ಗೆಡ್ಡೆ ಎಂದೇ ನಡೆಯಿರಿ. ಒಂದು ಎಚ್ಚರಿಕೆ: ಕೀವು ಕಟ್ಟಿ ಕೆಂಪಾಗಿ ಬಾತಿರುವ ತೀವ್ರ ಹಂತದಲ್ಲಿ ಸುತ್ತಲಿನ ಚರ್ಮವೆಲ್ಲ ಊದಿಕೊಂಡು ಈ ಲೆಕ್ಕ ತಪ್ಪುತ್ತದೆ. ಅಂಥವರನ್ನು ಹತ್ತು ಹದಿನೈದು ದಿನ ಬಿಟ್ಟು ಮತ್ತೆ ನೋಡಬೇಕು. ಕಣ್ಣು ಮೂಗಿನ ನಡುವಿನ ಎತ್ಮಾಯ್ಡ್ ಸೈನಸ್‌ನ ಮ್ಯೂಕೋಸೀಲ್ (ಲೋಳೆ ತುಂಬಿದ ಉಬ್ಬು) ಕೂಡ ಪಟ್ಟಿಯ ಮೇಲೆ ಉಬ್ಬಬಹುದು, ಅದಕ್ಕೂ ಸಿಟಿ ಸ್ಕ್ಯಾನ್ ಬೇಕೇ ಬೇಕು.

ಎರಡನೆಯದು, ಒತ್ತಿದಾಗ ಏನಾಗುತ್ತದೆ ಎಂಬುದು. ಮ್ಯೂಕೋಸೀಲ್ ಒತ್ತಿದರೆ ಸಣ್ಣಗಾಗುತ್ತದೆ, ಲೋಳೆಯೋ ಕೀವೋ ರೆಪ್ಪೆಯಂಚಿನ ಕಣ್ಣೀರಿನ ರಂಧ್ರವಾದ ಪಂಕ್ಟಮ್‌ನಿಂದ ಹೊರಬರುತ್ತದೆ. ಗೆಡ್ಡೆ ಒತ್ತಿದರೆ ಸ್ವಲ್ಪ ಕೀವು ಬಂದರೂ ಗಾತ್ರ ಇಳಿಯುವುದಿಲ್ಲ, ಕೆಳಗಿನ ಮೂಳೆಗೆ ಅಂಟಿದ ಹಾಗೆ ಅಲುಗದೆ ಇರುತ್ತದೆ. ನೋವು ಹೆಚ್ಚಾಗಿ ಇರುವುದಿಲ್ಲ. ನೋವಿಲ್ಲದ ಊತ ಕೇಡಲ್ಲ ಎಂದುಕೊಂಡು ಜನ ತಿಂಗಳುಗಟ್ಟಲೆ ಸುಮ್ಮನಿರುವುದು ಇದರಿಂದಲೇ.

ಮೂರನೆಯದು ರಕ್ತ. ಇಲ್ಲಿ ನಾಳಕ್ಕೆ ಸಲೈನ್ ಬಿಟ್ಟು ನೋಡುವ ಸಿರಿಂಜಿಂಗ್‌ನ ಕ್ರಮ ಮುಖ್ಯ. ಕ್ಯಾನುಲಾ (ಸಣ್ಣ ನಳಿಗೆ) ಹಾಕುವ ಮೊದಲೇ ಚೀಲವನ್ನು ಒತ್ತಿ ನೋಡಿ. ಆಗಲೇ ಕೀವಿನಲ್ಲಿ ರಕ್ತದ ಎಳೆ ಅಥವಾ ಕಂದು ಬಣ್ಣ ಕಂಡರೆ ಅದಕ್ಕೆ ಬೆಲೆ ಉಂಟು. ಕ್ಯಾನುಲಾ ಹಾಕಿದ ಮೇಲೆ ಬರುವ ಹಸಿ ಕೆಂಪು ರಕ್ತ ತುದಿ ಒಳಪದರಕ್ಕೆ ತಾಗಿ ಗೀರಿದ್ದರಿಂದಲೂ ಬರಬಹುದು. ಪ್ರೊಪಾರಕೇನ್ 0.5% ಹನಿ ಹಾಕಿ ಎರಡು ನಿಮಿಷ ಬಿಡಿ, ಪಂಕ್ಟಮ್ ಹಿಗ್ಗಿಸಿ, 26 ಗೇಜಿನ ಮೊಂಡು ಕ್ಯಾನುಲಾವನ್ನು 2 ಮಿ.ಮೀ. ನೇರ ಕೆಳಗೆ ಇಳಿಸಿ, ರೆಪ್ಪೆಯನ್ನು ಹೊರಕ್ಕೆ ಎಳೆದು ಹಿಡಿದು ಅಡ್ಡಕ್ಕೆ ತಿರುಗಿಸಿ. 2 ಮಿ.ಲೀ. ಸಿರಿಂಜ್ ಸಾಕು. ದೊಡ್ಡ ಸಿರಿಂಜ್‌ನಲ್ಲಿ ಎಷ್ಟು ಒತ್ತಡ ಹಾಕುತ್ತಿದ್ದೇವೆ ಎಂದು ಕೈಗೆ ಗೊತ್ತಾಗುವುದಿಲ್ಲ. ಸಲೈನ್ ಹೋಗಲಿಲ್ಲವೆಂದು ಬಲ ಹಾಕಬೇಡಿ. ತೀವ್ರ ಹಂತದಲ್ಲಿ ಸಿರಿಂಜಿಂಗ್ ಮಾಡಲೇಬಾರದು.

ಕೆಲವು ಗೆಡ್ಡೆಗಳಲ್ಲಿ ಸಲೈನ್ ಸಲೀಸಾಗಿ ಗಂಟಲಿಗೆ ಇಳಿಯುತ್ತದೆ ಎಂಬುದೂ ನೆನಪಿರಲಿ. ಗೆಡ್ಡೆ ಒಂದು ಬದಿಯ ಗೋಡೆಯಿಂದ ಬೆಳೆಯುತ್ತಿದ್ದರೆ ಇನ್ನೊಂದು ಬದಿಯಲ್ಲಿ ದಾರಿ ಉಳಿದಿರುತ್ತದೆ. ‘ನಾಳ ಓಪನ್ ಉಂಟು’ ಎಂದು ಬರೆದು ಮನೆಗೆ ಕಳಿಸುವುದು ಇಂಥವರನ್ನೇ. ಊತವೂ ನೀರೂ ಇದ್ದು ನಾಳ ತೆರೆದಿದ್ದರೆ ಅನುಮಾನ ಹೆಚ್ಚಬೇಕು.

ಕೊನೆಗೆ ಕಿವಿಯ ಮುಂದೆ ಮತ್ತು ದವಡೆಯ ಕೆಳಗೆ ಗಂಟು ಉಂಟಾ ಎಂದು ಎರಡೂ ಬದಿ ಮುಟ್ಟಿ ನೋಡಿ. ಅದೇ ಬದಿಯ ಮೂಗಿನಿಂದ ರಕ್ತ ಬರುವುದುಂಟಾ ಎಂದು ಬಾಯಿಬಿಟ್ಟು ಕೇಳಿ. ಕಣ್ಣಿಗೆಂದು ಬಂದವರು ಮೂಗಿನ ಸಂಗತಿ ತಾವಾಗಿ ಹೇಳುವುದಿಲ್ಲ.

ಉತ್ತರ 2: ಮೂಗು_ಗಂಟಲು_ಉಡುಪಿ

ಮೇಲಿನವರು ಹೇಳಿದ್ದಕ್ಕೆ ನಮ್ಮ ಕರಾವಳಿಯಲ್ಲಿ ಒಂದು ತಿದ್ದುಪಡಿ ಬೇಕು. ಚೀಲದಿಂದ ರಕ್ತ ಬಂದ ತಕ್ಷಣ ಕ್ಯಾನ್ಸರ್ ಎಂದು ಮನೆಯವರ ಎದುರು ಹೇಳಬೇಡಿ. ರೈನೋಸ್ಪೊರಿಡಿಯೋಸಿಸ್ ದಕ್ಷಿಣ ಭಾರತದಲ್ಲೂ ಶ್ರೀಲಂಕಾದಲ್ಲೂ ನೆಲೆಯೂರಿದ ಸೋಂಕುರೋಗ. ಕೆರೆ, ಮದಗ, ನಿಂತ ನೀರಿನಲ್ಲಿ ಮೀಯುವವರಲ್ಲಿ, ನದಿಯಲ್ಲಿ ಮುಳುಗಿ ಮರಳು ತೆಗೆಯುವವರಲ್ಲಿ ಕಾಣಿಸಿಕೊಳ್ಳುತ್ತದೆ. ಮೂಗಿನಲ್ಲಿ ಅದು ಸ್ಟ್ರಾಬೆರಿ ಹಣ್ಣಿನ ಹಾಗೆ ಕೆಂಪಗೆ, ಮೇಲೆ ಬಿಳಿ ಚುಕ್ಕೆಗಳು, ಮುಟ್ಟಿದರೆ ರಕ್ತ. ಚೀಲದೊಳಗೆ ಬೆಳೆದರೆ ಹೊರಗಿನಿಂದ ಮೆತ್ತನೆಯ ಊತ, ಒತ್ತಿದರೆ ರಕ್ತ ಬೆರೆತ ಲೋಳೆ. ಗಟ್ಟಿತನ ಕಡಿಮೆ, ವಯಸ್ಸು ಹೆಚ್ಚಾಗಿ ಚಿಕ್ಕದು. ಆದರೂ ಕೈಯಲ್ಲಿ ಮುಟ್ಟಿ ತೀರ್ಮಾನ ಮಾಡುವ ವಿಷಯ ಅಲ್ಲ. ಇದು ಕಲ್ಚರ್‌ನಲ್ಲಿ ಬೆಳೆಯುವುದಿಲ್ಲ, ಉತ್ತರ ಸಿಗುವುದು ಸ್ಲೈಡಿನಲ್ಲಿ ಮಾತ್ರ. ಚಿಕಿತ್ಸೆ ಚೀಲವನ್ನು ತೆಗೆದು ಬುಡವನ್ನು ಸುಡುವುದು. ಜೊತೆಗೆ ಡ್ಯಾಪ್ಸೋನ್ ಕೊಡುವುದುಂಟು, ಅದಕ್ಕೆ ಮೊದಲು ಜಿ6ಪಿಡಿ ಎಂಬ ರಕ್ತಕಣದ ಕಿಣ್ವದ ಪರೀಕ್ಷೆ ಆಗಿರಬೇಕು.

ಹಾಗಾಗಿ ಎರಡು ದಾರಿಯೂ ಒಂದೇ ಕಡೆ ಬಂದು ಸೇರುತ್ತವೆ. ರಕ್ತ ಕಂಡರೆ ಎಂಡೋಸ್ಕೋಪಿ, ಸಿಟಿ, ಬಯಾಪ್ಸಿ. ನೇರವಾಗಿ ಡಿಸಿಆರ್ ಮೇಜಿಗೆ ಅಲ್ಲ.

ಎಂಡೋಸ್ಕೋಪಿ ಬಗ್ಗೆ ಒಂದು ಮಾತು ನಮ್ಮ ವಿಭಾಗದವರಿಗೇ ಹೇಳಬೇಕು. ಕಣ್ಣೀರಿನ ನಾಳ ತೆರೆದುಕೊಳ್ಳುವುದು ಮೂಗಿನೊಳಗಿನ ಕೆಳ ಮಡಿಕೆಯಾದ ಇನ್‌ಫೀರಿಯರ್ ಟರ್ಬಿನೇಟ್‌ನ ಅಡಿಯಲ್ಲಿ, ಇನ್‌ಫೀರಿಯರ್ ಮಿಯೇಟಸ್‌ನಲ್ಲಿ. ಹೊರರೋಗಿ ವಿಭಾಗದ ಗಡಿಬಿಡಿಯಲ್ಲಿ ಮೇಲಿನ ಸೈನಸ್ ದಾರಿಗಳನ್ನು ನೋಡಿ ‘ನಾರ್ಮಲ್’ ಎಂದು ಬರೆಯುವುದು ಸುಲಭ. ಮೂಗಿಗೆ ಊತ ಇಳಿಸುವ ಮದ್ದಿನ ಹತ್ತಿ ಇಟ್ಟು ಹತ್ತು ನಿಮಿಷ ಕಾದು, 30 ಡಿಗ್ರಿ ಸ್ಕೋಪನ್ನು ಟರ್ಬಿನೇಟ್‌ನ ಅಡಿಗೆ ತಿರುಗಿಸದೆ ಕೆಳಗಿಳಿದ ಗೆಡ್ಡೆ ಕಾಣುವುದಿಲ್ಲ. ಕಣ್ಣಿನವರು ಕಳಿಸುವ ಚೀಟಿಯಲ್ಲಿ ‘ಇನ್‌ಫೀರಿಯರ್ ಮಿಯೇಟಸ್ ನೋಡಿ ತಿಳಿಸಿ’ ಎಂದು ಬರೆದರೆ ಆ ಭಾಗ ತಪ್ಪಿ ಹೋಗುವುದಿಲ್ಲ.

ಡಿಸಿಆರ್ ಯಾಕೆ ಆತುರದಲ್ಲಿ ಮಾಡಬಾರದು ಎಂದರೆ, ಚೀಲ ಕೂತಿರುವ ಗುಂಡಿಯ ಮೂಳೆಯೇ ಗೆಡ್ಡೆಗೂ ಮೂಗಿಗೂ ನಡುವಿನ ಗೋಡೆ. ಡಿಸಿಆರ್‌ನಲ್ಲಿ ನಾವು ಆ ಗೋಡೆಯನ್ನೇ ಸುಮಾರು ಒಂದು ಸೆಂಟಿಮೀಟರ್ ಅಗಲಕ್ಕೆ ಒಡೆದು, ಚೀಲವನ್ನು ಸೀಳಿ ಮೂಗಿಗೆ ಜೋಡಿಸುತ್ತೇವೆ. ಒಳಗೆ ಕ್ಯಾನ್ಸರ್ ಇದ್ದರೆ ಅದಕ್ಕೆ ಮೂಗಿನೊಳಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಆಮೇಲಿನ ಆಪರೇಷನ್ ಅಷ್ಟೂ ದೊಡ್ಡದಾಗುತ್ತದೆ. ಚೀಲ ತೆರೆದಾಗ ಗೋಡೆ ದಪ್ಪಗಿದ್ದು, ಬೂದು ಬಣ್ಣದ ಪುಡಿಪುಡಿಯಾಗುವ ಮಾಂಸ ಕಂಡರೆ ಅಲ್ಲಿಗೇ ನಿಲ್ಲಿಸಿ. ಮೂಳೆ ಮುಟ್ಟಬೇಡಿ. ಒಳ್ಳೆಯ ತುಂಡೊಂದು ತೆಗೆದು, ರಕ್ತ ನಿಲ್ಲಿಸಿ, ಹೊಲಿದು ಹೊರಬನ್ನಿ. ಆವತ್ತೇ ಮುಗಿಸಿಬಿಡುವ ಹಟ ಬೇಡ.

ಮರುಪ್ರಶ್ನೆ: ಕಾರ್ಕಳ_ನೇತ್ರಾಧಿಕಾರಿ

ತುಂಬಾ ಉಪಕಾರ. ಇನ್ನೊಂದು ಸಂಶಯ. ಡಿಸಿಟಿಯಲ್ಲಿ ತೆಗೆದ ಚೀಲವನ್ನು ಪರೀಕ್ಷೆಗೆ ಕಳಿಸದೆ ಬಿಡುವುದು ಹಲವು ಕಡೆ ರೂಢಿ. ಎಲ್ಲರದ್ದೂ ಕಳಿಸಬೇಕಾ, ಅನುಮಾನ ಇದ್ದವರದ್ದು ಮಾತ್ರವಾ? ಬಯಾಪ್ಸಿಯಲ್ಲಿ ‘ಕ್ರಾನಿಕ್ ಇನ್‌ಫ್ಲಮೇಶನ್’ ಎಂದು ಬಂದರೆ ನೆಮ್ಮದಿಯಾಗಿ ಇರಬಹುದಾ?

ಉತ್ತರ 3: ಸ್ಲೈಡ್_ನೋಡುವವರು

ಕಳಿಸಿ. ಎಲ್ಲರದ್ದೂ ಕಳಿಸಿ. ದೇಹದಿಂದ ಕತ್ತರಿಸಿ ತೆಗೆದ ಅಂಗವನ್ನು ಬಕೆಟ್ಟಿಗೆ ಹಾಕುವುದಕ್ಕೆ ಖರ್ಚು ಉಳಿಯಿತು ಎಂಬುದು ಕಾರಣವಾಗಬಾರದು. ಡಿಸಿಆರ್‌ನಲ್ಲಿ ಇಡೀ ಚೀಲ ತೆಗೆಯುವುದಿಲ್ಲ, ಆದರೆ ಗೋಡೆಯ ಒಂದು ಅಂಚು ಸಿಕ್ಕೇ ಸಿಗುತ್ತದೆ.

‘ಕ್ರಾನಿಕ್ ಇನ್‌ಫ್ಲಮೇಶನ್’ ಎಂಬ ವರದಿಗೆ ಎಷ್ಟು ಬೆಲೆ ಎಂಬುದು ನಮಗೆ ಸಿಕ್ಕ ತುಂಡಿನ ಮೇಲೆ ನಿಂತಿದೆ. ಗೆಡ್ಡೆಯ ಮೇಲ್ಪದರದಲ್ಲಿ ಸೋಂಕು ಇರುವುದರಿಂದ ಮೇಲಿಂದ ಚಿವುಟಿದ ತುಂಡಿನಲ್ಲಿ ಉರಿಯೂತದ ಕೋಶಗಳೇ ತುಂಬಿರುತ್ತವೆ. ಕಣ್ಣಿಗೆ ಕಂಡದ್ದು ಗೆಡ್ಡೆ, ವರದಿ ಉರಿಯೂತ ಎಂದಾದರೆ ವರದಿಯನ್ನು ನಂಬಿ ಕೂರಬೇಡಿ, ಮತ್ತೊಮ್ಮೆ ಆಳದಿಂದ ತೆಗೆಯಿರಿ. ಗೋಡೆಯ ಪೂರ್ತಿ ದಪ್ಪ ಬರುವ ಹಾಗೆ ಸುಮಾರು 5 ಮಿ.ಮೀ. ತುಂಡು ಸಿಕ್ಕರೆ ನಮಗೆ ಹೇಳಲು ಆಗುತ್ತದೆ. ಹಲ್ಲಿನ ಫೋರ್ಸೆಪ್ಸ್‌ನಲ್ಲಿ ಹಿಸುಕಬೇಡಿ. ಲಿಂಫೋಮಾದ ಕೋಶಗಳು ಹಿಸುಕಿದರೆ ಮಸಿ ಬಳಿದ ಹಾಗೆ ಕಾಣುತ್ತವೆ, ಏನೂ ಗುರುತು ಸಿಗುವುದಿಲ್ಲ. ಕಾಟರಿ (ಸುಡುವ ಸಾಧನ) ಹಚ್ಚುವ ಮೊದಲು ತುಂಡು ತೆಗೆಯಿರಿ.

ಫಾರ್ಮಲಿನ್ ವಿಷಯದಲ್ಲಿ ಆಗುವ ತಪ್ಪು ಇನ್ನೂ ಹೆಚ್ಚು. ಬೇಕಾದದ್ದು 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್, ಅಂದರೆ ಅಂಗಡಿಯಲ್ಲಿ ಸಿಗುವ ಸಾಂದ್ರ ಫಾರ್ಮಲಿನ್ ಒಂದು ಪಾಲು, ಬಫರ್ ಬೆರೆಸಿದ ನೀರು ಒಂಬತ್ತು ಪಾಲು. ಸಾಂದ್ರವನ್ನೇ ಸುರಿದರೆ ಹೊರಪದರ ಗಟ್ಟಿಯಾಗಿ ಒಳಗೆ ದ್ರವ ಇಳಿಯುವುದಿಲ್ಲ. ತುಂಡಿನ ಗಾತ್ರದ ಹತ್ತು ಪಟ್ಟು ದ್ರವ ಇರಲಿ. ಬಾಯಿ ಅಗಲದ ಡಬ್ಬಿ ಬಳಸಿ. ಇಂಜೆಕ್ಷನ್ ಬಾಟ್ಲಿಗೆ ತುರುಕಿದ ಚೀಲ ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ. ಹೆಸರಿನ ಚೀಟಿ ಡಬ್ಬಿಗೆ ಅಂಟಿಸಿ, ಮುಚ್ಚಳಕ್ಕೆ ಅಲ್ಲ. ಮುಚ್ಚಳಗಳು ಅದಲು ಬದಲಾಗುತ್ತವೆ. ಒದ್ದೆ ಗಾಜ್‌ನಲ್ಲಿ ಸುತ್ತಿ ಮರುದಿನ ಕಳಿಸುವುದು ಬೇಡವೇ ಬೇಡ, ನಮ್ಮ ಊರಿನ ಸೆಖೆಗೆ ಅದು ಅಷ್ಟರಲ್ಲಿ ಕೊಳೆತಿರುತ್ತದೆ.

ಲಿಂಫೋಮಾ ಅನುಮಾನ ಇದ್ದರೆ ಇನ್ನೊಂದು ತುಂಡನ್ನು ಸಲೈನ್‌ನಲ್ಲಿ, ಫಾರ್ಮಲಿನ್ ಸೋಕಿಸದೆ, ಫ್ಲೋ ಸೈಟೋಮೆಟ್ರಿಗೆ (ಕೋಶಗಳ ಜಾತಿ ಗುರುತಿಸುವ ಪರೀಕ್ಷೆಗೆ) ಕಳಿಸಬೇಕು. ಕೆಲವೇ ಗಂಟೆಯೊಳಗೆ ತಲುಪಬೇಕು, ಆದ್ದರಿಂದ ಲ್ಯಾಬಿಗೆ ಮೊದಲೇ ಫೋನ್ ಮಾಡಿಟ್ಟು ಬೆಳಗ್ಗಿನ ಹೊತ್ತು ಆಪರೇಷನ್ ಇಟ್ಟುಕೊಳ್ಳಿ. ಕ್ಷಯದ ಅನುಮಾನಕ್ಕೆ ಜೀನ್‌ಎಕ್ಸ್‌ಪರ್ಟ್ ಮಾಡಿಸುವುದಾದರೂ ಸಲೈನ್ ತುಂಡೇ ಬೇಕು.

ಚೀಲದಲ್ಲಿ ಏನೇನು ಸಿಗುತ್ತದೆ ಎಂದರೆ, ಚೀಲದ ಒಳಪದರದಿಂದ (ಎಪಿಥೀಲಿಯಂ) ಹುಟ್ಟುವ ಗೆಡ್ಡೆಗಳೇ ಹೆಚ್ಚು. ಅವುಗಳ ಕ್ಯಾನ್ಸರ್‌ಗಳಲ್ಲಿ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಮೊದಲನೆಯದು. ಟ್ರಾನ್ಸಿಷನಲ್ ಸೆಲ್, ಅಡಿನಾಯ್ಡ್ ಸಿಸ್ಟಿಕ್, ಮ್ಯೂಕೋಎಪಿಡರ್ಮಾಯ್ಡ್ ಕಡಿಮೆ. ಉಳಿದವು ಲಿಂಫೋಮಾ, ಮೆಲನೋಮಾ. ಇನ್‌ವರ್ಟೆಡ್ ಪ್ಯಾಪಿಲೋಮಾ ಸಾಧು ಗೆಡ್ಡೆಯಾದರೂ ಮರಳಿ ಬರುತ್ತದೆ, ಕ್ಯಾನ್ಸರ್ ಆಗಿ ತಿರುಗಬಲ್ಲದು. ಹಾಗಾಗಿ ಅದನ್ನು ಒಂದು ಮೂಲೆ ನೋಡಿ ಬಿಡದೆ ಪೂರ್ತಿ ಕತ್ತರಿಸಿ ನೋಡುತ್ತೇವೆ. ಚೀಲದ ಗೆಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಾರಕವೇ. ಊತಗಳಲ್ಲಿ ಗೆಡ್ಡೆ ಅಪರೂಪ ಹೌದು, ಆದರೆ ಗೆಡ್ಡೆ ಎಂದಾದ ಮೇಲೆ ಅದು ಸಾಧು ಎಂದು ಆಸೆಪಡಲು ಆಧಾರ ಇಲ್ಲ.

ರೆಪ್ಪೆ_ಸರ್ಜನ್_ಮಂಗಳೂರು (ಮತ್ತೆ)

ಎಲ್ಲರದ್ದೂ ಕಳಿಸಿ ಎಂಬುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ಚಿಕ್ಕ ವಯಸ್ಸು, ಎರಡೂ ಕಣ್ಣಲ್ಲಿ ನೀರು, ತೆಳ್ಳಗಿನ ಹೊಳೆಯುವ ಚೀಲ, ಊತ ಇಲ್ಲ ಎಂದಾದರೆ ತುಂಡು ಕಳಿಸದೆ ಡಿಸಿಆರ್ ಮುಗಿಸುವುದನ್ನು ತಪ್ಪೆನ್ನಲಾರೆ. ಡಿಸಿಟಿಯಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ. ವಯಸ್ಸಾದವರಿಗೇ ಹೆಚ್ಚಾಗಿ ಮಾಡುವ ಆಪರೇಷನ್ ಅದು, ಗೆಡ್ಡೆ ಬರುವ ವಯಸ್ಸೂ ಅದೇ.

ಸಿಟಿ ಬರೆಯುವಾಗ ಬರೀ ‘ಸಿಟಿ ಆರ್ಬಿಟ್’ ಎಂದರೆ ಸಾಲದು. ಕಾಂಟ್ರಾಸ್ಟ್ ಇಂಜೆಕ್ಷನ್ ಜೊತೆಗೆ, ಆರ್ಬಿಟ್ (ಕಣ್ಣಿನ ಗುಂಡಿ) ಮತ್ತು ಸೈನಸ್ ಎರಡೂ ಸೇರಿ, 1 ಮಿ.ಮೀ. ಸ್ಲೈಸ್, ಆಕ್ಸಿಯಲ್ ಮತ್ತು ಕೊರೋನಲ್, ಬೋನ್ ವಿಂಡೋ ಬೇಕು ಎಂದು ಬಿಡಿಸಿ ಬರೆಯಿರಿ. ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಮೊದಲೇ ಮಾಡಿಸಿಕೊಂಡು ಹೋದರೆ ಒಂದು ಬಸ್ ಪ್ರಯಾಣ ಉಳಿಯುತ್ತದೆ. ಮ್ಯೂಕೋಸೀಲ್‌ನಲ್ಲಿ ಅಂಚು ಮಾತ್ರ ಬೆಳ್ಳಗಾಗುತ್ತದೆ, ಗೆಡ್ಡೆಯಲ್ಲಿ ಒಳಗಿನ ಮಾಂಸವೇ ಬೆಳ್ಳಗಾಗುತ್ತದೆ. ಮೂಳೆ ತಿಂದಿದ್ದರೆ ಅಥವಾ ನಾಳದ ಕೊಳವೆ ಇನ್ನೊಂದು ಬದಿಗಿಂತ ಅಗಲವಾಗಿದ್ದರೆ ಬಯಾಪ್ಸಿಗೆ ಮುನ್ನವೇ ಕ್ಯಾನ್ಸರ್ ವಿಭಾಗಕ್ಕೆ ತಿಳಿಸಿಡಿ. ಮೂಳೆ ಸರಿ ಇದೆ ಎಂದು ಮೈಮರೆಯಬೇಡಿ. ಲಿಂಫೋಮಾ ಮೂಳೆಯನ್ನು ಹೆಚ್ಚು ಕೆಡಿಸದೆ ಜಾಗದ ಆಕಾರಕ್ಕೆ ತಕ್ಕ ಹಾಗೆ ತುಂಬಿಕೊಳ್ಳುತ್ತದೆ.

ಉತ್ತರ 4: ರೇಡಿಯೇಶನ್_ಕೊಡಿಯಾಲ್

ಬಯಾಪ್ಸಿ ಬಂದ ಮೇಲಿನ ದಾರಿಯನ್ನೂ ಹೇಳುತ್ತೇನೆ. ಮನೆಯವರು ಮೊದಲು ಕೇಳುವುದು ನಿಮ್ಮನ್ನೇ.

ಸ್ಕ್ವೇಮಸ್‌ನಂಥ ಕ್ಯಾನ್ಸರ್ ಆದರೆ ಚೀಲ, ಅದರ ಮೇಲಿನ ಸಣ್ಣ ನಾಳಗಳು, ಕೆಳಗಿನ ನಾಳ, ಜೊತೆಗೆ ಬೇಕಾದಷ್ಟು ಮೂಳೆ ಎಲ್ಲವನ್ನೂ ಒಟ್ಟಾಗಿ ತೆಗೆಯಬೇಕಾಗುತ್ತದೆ. ನಾಳದ ಕೆಳಕ್ಕೆ ಇಳಿದಿದ್ದರೆ ಮೀಡಿಯಲ್ ಮ್ಯಾಕ್ಸಿಲೆಕ್ಟಮಿ (ಮೇಲ್ದವಡೆ ಮೂಳೆಯ ಮೂಗಿನ ಬದಿಯ ಭಾಗ ತೆಗೆಯುವುದು) ಸೇರುತ್ತದೆ. ಕಣ್ಣುಗುಡ್ಡೆಯ ಸುತ್ತಲಿನ ಮಾಂಸಕ್ಕೆ ಹಬ್ಬಿದ್ದರೆ ಕಣ್ಣು ಉಳಿಸಲು ಆಗದೆ ಇರಬಹುದು. ತಿಂಗಳುಗಳ ತಡಕ್ಕೆ ತೆರುವ ಬೆಲೆ ಇದೇ. ಬಳಿಕ ರೇಡಿಯೇಶನ್: ಸಾಮಾನ್ಯವಾಗಿ 60ರಿಂದ 66 ಗ್ರೇ (ವಿಕಿರಣದ ಅಳತೆ), ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, ಅಂದರೆ 30ರಿಂದ 33 ಸಲ ಬರಬೇಕು. ಆಪರೇಷನ್ ಆಗಿ ಆರು ವಾರದೊಳಗೆ ಶುರುವಾಗಬೇಕು ಎಂಬುದು ಗುರಿ. ಕುಂದಾಪುರ, ಬೈಂದೂರು ಕಡೆಯವರಿಗೆ ಆರೇಳು ವಾರ ದಿನಾ ಓಡಾಟ ಕಷ್ಟ, ಉಳಿದುಕೊಳ್ಳುವ ವ್ಯವಸ್ಥೆಯನ್ನು ಆಪರೇಷನ್ ದಿನವೇ ಮಾತಾಡಿಡಿ. ನಡುವೆ ಒಂದು ವಾರ ತಪ್ಪಿದರೂ ಫಲ ಕಡಿಮೆಯಾಗುತ್ತದೆ.

ಮರೆತು ಹೋಗುವ ಸಂಗತಿ ಹಲ್ಲು. ಮೇಲ್ದವಡೆ ರೇಡಿಯೇಶನ್ ವ್ಯಾಪ್ತಿಗೆ ಬಂದರೆ ಹಾಳಾದ ಹಲ್ಲುಗಳನ್ನು ಕನಿಷ್ಠ ಎರಡು ವಾರ ಮೊದಲು ಕೀಳಿಸಿ ಗಾಯ ಮಾಯಿಸಬೇಕು. ಆಮೇಲೆ ಕಿತ್ತರೆ ದವಡೆಯ ಮೂಳೆ ಸಾಯುವ ಅಪಾಯ ಉಂಟು. ಎಲೆ ಅಡಿಕೆ ಜಗಿಯುವವರಲ್ಲಿ ಬಾಯಿ ಪೂರ್ತಿ ತೆರೆಯದಿದ್ದರೆ ಅರಿವಳಿಕೆ ಕೊಡುವವರಿಗೆ ಮೊದಲೇ ತಿಳಿಸಿ, ನಳಿಗೆ ಹಾಕುವುದು ಕಷ್ಟವಾಗುತ್ತದೆ. ಕಣ್ಣು ಒಣಗುವುದು, ಕೆಲವು ವರ್ಷದಲ್ಲಿ ಪೊರೆ ಬರುವುದು ನಿರೀಕ್ಷಿತ.

ಲಿಂಫೋಮಾ ಆದರೆ ಲೆಕ್ಕವೇ ಬೇರೆ. ದೊಡ್ಡ ಆಪರೇಷನ್ ಬೇಕಿಲ್ಲ. ಇಡೀ ದೇಹದ ಪರೀಕ್ಷೆ, ಎಲ್‌ಡಿಎಚ್, ಪೆಟ್ ಸಿಟಿ, ಲಿಂಫೋಮಾದ ಮದ್ದಾದ ರಿಟುಕ್ಸಿಮ್ಯಾಬ್‌ಗೆ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ. ನಿಧಾನ ಬೆಳೆಯುವ ಜಾತಿಗೆ 24ರಿಂದ 30 ಗ್ರೇ ಸಾಕಾಗುತ್ತದೆ. ಬಯಾಪ್ಸಿ ಇಲ್ಲದೆ ಕತ್ತಿ ಹಿಡಿಯಬಾರದು ಎನ್ನುವುದಕ್ಕೆ ಇದೂ ಕಾರಣ: ಉಳಿಯಬೇಕಾದ ಕಣ್ಣು ಸುಮ್ಮನೆ ಹೋಗಬಾರದು.

ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಉಂಟು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ 30%, ಮಿತಿ 1.5 ಲಕ್ಷ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಮೊದಲು ಬೇಕು. ಮಂಗಳೂರಿನವರು ವೆನ್‌ಲಾಕ್, ಉಡುಪಿಯವರು ಅಜ್ಜರಕಾಡು ಜಿಲ್ಲಾ ಆಸ್ಪತ್ರೆಯಿಂದ ತೆಗೆದುಕೊಂಡು, ರೇಷನ್ ಕಾರ್ಡ್, ಆಧಾರ್, ಬಯಾಪ್ಸಿ ವರದಿಯ ಮೂಲ ಪ್ರತಿ ಜೊತೆಗೆ ಇಟ್ಟುಕೊಳ್ಳಲಿ.

ಚಿಕಿತ್ಸೆ ಮುಗಿದ ಮೇಲೆ ಮೊದಲ ಎರಡು ವರ್ಷ ಎರಡು ಮೂರು ತಿಂಗಳಿಗೊಮ್ಮೆ ತೋರಿಸಬೇಕು, ಕುತ್ತಿಗೆಯ ಗಂಟು ಸೇರಿ. ಅಡಿನಾಯ್ಡ್ ಸಿಸ್ಟಿಕ್ ನರದ ಗುಂಟ ಹರಿದು ಹತ್ತು ವರ್ಷ ಕಳೆದ ಮೇಲೂ ಮರಳುತ್ತದೆ, ಅವರ ಫೈಲ್ ಮುಚ್ಚಬೇಡಿ.

ಕಾರ್ಕಳ_ನೇತ್ರಾಧಿಕಾರಿ

ಎಲ್ಲರ ಮಾತು ಸೇರಿಸಿ ರೆಫರಲ್ ಚೀಟಿಯ ಮಾದರಿ ಹೀಗೆ ಮಾಡಿದ್ದೇನೆ, ತಪ್ಪಿದ್ದರೆ ತಿದ್ದಿ:

‘ಬಲ / ಎಡ ಕಣ್ಣಲ್ಲಿ ನೀರು __ ತಿಂಗಳಿಂದ. ಚೀಲದ ಊತ ಟೆಂಡನ್‌ನ ಮೇಲೆ / ಕೆಳಗೆ, ಗಟ್ಟಿ / ಮೆತ್ತಗೆ, ಒತ್ತಿದಾಗ ಇಳಿಯುತ್ತದೆ / ಇಳಿಯುವುದಿಲ್ಲ. ಕ್ಯಾನುಲಾ ಹಾಕುವ ಮೊದಲು ರಕ್ತ ಉಂಟು / ಇಲ್ಲ. ಸಿರಿಂಜಿಂಗ್: ತೆರೆದಿದೆ / ಮುಚ್ಚಿದೆ. ಅದೇ ಬದಿಯ ಮೂಗಿನಿಂದ ರಕ್ತ: ಉಂಟು / ಇಲ್ಲ. ಗಂಟು: ಉಂಟು / ಇಲ್ಲ. ಕೊಟ್ಟ ಆಂಟಿಬಯಾಟಿಕ್ ಮತ್ತು ದಿನಾಂಕ. ಚೀಲದ ಗೆಡ್ಡೆಯ ಅನುಮಾನ. ಸಿಟಿ ಮತ್ತು ಇನ್‌ಫೀರಿಯರ್ ಮಿಯೇಟಸ್ ನೋಡದೆ ಡಿಸಿಆರ್ ಬೇಡ ಎಂದು ವಿನಂತಿ.’

ರೆಪ್ಪೆ_ಸರ್ಜನ್_ಮಂಗಳೂರು

ಚೆನ್ನಾಗಿದೆ. ಎರಡು ಸೇರಿಸಿ. ಮದ್ದು ಮುಗಿದ ಮೇಲೆ ಮತ್ತೆ ನೋಡಿದ ದಿನಾಂಕ, ಆವತ್ತು ಉಳಿದಿದ್ದ ಊತದ ಅಳತೆ, ಮಿಲಿಮೀಟರ್‌ನಲ್ಲಿ ಉದ್ದ ಮತ್ತು ಅಗಲ. ‘ಸಣ್ಣ ಊತ’ ಎಂದು ಬರೆದರೆ ಬೆಳೆದಿದೆಯಾ ಎಂದು ಮುಂದೆ ನೋಡುವವರಿಗೆ ಗೊತ್ತಾಗುವುದಿಲ್ಲ. ಇನ್ನೊಂದು, ಸ್ಟೀರಾಯ್ಡ್ ಮಾತ್ರೆ ಯಾರಾದರೂ ಕೊಟ್ಟಿದ್ದಾರಾ ಎಂಬ ಸಾಲು. ಹಳೆಯ ಚೀಟಿಗಳು ಸಿಕ್ಕದಿದ್ದರೆ ಮನೆಯಲ್ಲಿ ಉಳಿದ ಮಾತ್ರೆಯ ಪಟ್ಟಿ ತರಲು ಹೇಳಿ.